ಕಪಾಟಿನಲ್ಲೇ ಇದ್ದ ಉತ್ತರ: ಅಪರಾಧ ನ್ಯಾಯದ ನೀತಿಪ್ರಶ್ನೆಗಳು ಮತ್ತು ಲೇಖನ ಸೂಚಿಗಳು

(ಕೊಡಗಿನ ಹುದಿಕೇರಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ಕಾನೂನು ಮತ್ತು ಸಾರ್ವಜನಿಕ ಬದುಕಿಗೆ ಸಂಬಂಧಪಟ್ಟ ಯಾವ ವಿಷಯವಾದರೂ ಆಗಬಹುದು ಎಂದು ದತ್ತಿಯ ಪತ್ರದಲ್ಲಿದೆ ಅಂತ ಸಂಘಟಕರು ತಿಳಿಸಿದರು. ನಾನು ವಕೀಲನಲ್ಲ, ನ್ಯಾಯಾಧೀಶನೂ ಅಲ್ಲ. ಕಾನೂನು ಗ್ರಂಥಾಲಯದ ಮೇಜಿನ ಹಿಂದೆ ಕೂತು, ಕೇಳಿದವರಿಗೆ ಕೇಳಿದ ಲೇಖನ ಹುಡುಕಿಕೊಟ್ಟು ಸಂಬಳ ಪಡೆದವನು. ಹಾಗಾಗಿ ನ್ಯಾಯ ಎಂದರೇನು ಎಂದು ನಾನು ಹೇಳಹೊರಟರೆ ಅದು ಅಧಿಕಪ್ರಸಂಗವಾದೀತು. ಆ ಪ್ರಶ್ನೆಯ ಬಗ್ಗೆ ಯೋಚಿಸಿ ಬರೆದವರನ್ನು ಎಲ್ಲಿ ಹುಡುಕಬೇಕು ಎಂಬುದನ್ನು ಮಾತ್ರ ಹೇಳಬಲ್ಲೆ.

ಈ ಕಡೆಯ ಮಕ್ಕಳು ಮೈಸೂರಿಗೋ ಮಂಗಳೂರಿಗೋ ಹೋಗಿ ಕಾನೂನು ಓದುತ್ತಾರೆ. ಪ್ರಬಂಧ ಬರೆಯುವ ಹೊತ್ತಿಗೆ ಪೊಲೀಸರ ಬಲಪ್ರಯೋಗ, ಕಸ್ಟಡಿ ಸಾವು, ಗಲ್ಲುಶಿಕ್ಷೆ, ಮಂಪರು ಪರೀಕ್ಷೆ, ಹೀಗೆ ಒಂದನ್ನು ಆರಿಸಿಕೊಂಡು ಮೊಬೈಲಿನಲ್ಲಿ ಟೈಪು ಮಾಡುತ್ತಾರೆ. ಪತ್ರಿಕಾ ವರದಿ ಬರುತ್ತದೆ, ಪರೀಕ್ಷಾ ಕೋಚಿಂಗಿನ ನೋಟ್ಸು ಬರುತ್ತದೆ, ಒಬ್ಬರದನ್ನು ಇನ್ನೊಬ್ಬರು ನಕಲು ಹೊಡೆದ ಹತ್ತು ಬರಹ ಬರುತ್ತವೆ. ವಿದ್ವಾಂಸರು ಬರೆದ ಗಟ್ಟಿ ಲೇಖನ ಮಾತ್ರ ಆ ರಾಶಿಯ ಅಡಿಯಲ್ಲೆಲ್ಲೋ ಇರುತ್ತದೆ. ಅದನ್ನು ಮೇಲೆತ್ತಲು ಲೋಕದ ಗ್ರಂಥಪಾಲಕರು ನೂರಿಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಕಟ್ಟಿಕೊಂಡು ಬಂದಿರುವ ಸಾಧನವೇ ಲೇಖನ ಸೂಚಿ. ಒಣ ವಿಷಯ, ಒಪ್ಪುತ್ತೇನೆ. ಅದಕ್ಕೇ ಒಂದು ಮೊಕದ್ದಮೆಯ ಹಿಂದೆ ಹೋಗೋಣ. ನಮ್ಮದೇ ರಾಜ್ಯದ ಮೊಕದ್ದಮೆ.

2010ರ ಮೇ 5ರಂದು ಸುಪ್ರೀಂ ಕೋರ್ಟು ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಪ್ರಕರಣದ ತೀರ್ಪು ಕೊಟ್ಟಿತು. ಆರೋಪಿಗೆ ಅವನ ಒಪ್ಪಿಗೆಯಿಲ್ಲದೆ ಸೋಡಿಯಂ ಪೆಂಟೊಥಾಲ್ ಚುಚ್ಚಿ ಪ್ರಶ್ನೆ ಕೇಳಬಹುದೆ, ಸುಳ್ಳುಪತ್ತೆ ಯಂತ್ರಕ್ಕೆ ಕೂರಿಸಬಹುದೆ, ತಲೆಗೆ ತಂತಿ ಹಚ್ಚಿ ಮಿದುಳಿನ ಅಲೆಗಳನ್ನು ಅಳೆಯಬಹುದೆ ಎಂಬುದು ಪ್ರಶ್ನೆ. ಕರ್ನಾಟಕದ ಹೆಸರು ಅಲ್ಲಿ ಬರಿಯ ಪ್ರತಿವಾದಿಯ ಹೆಸರಾಗಿ ಬಂದದ್ದಲ್ಲ. ಅದರ ಹಿಂದಿನ ದಶಕದಲ್ಲಿ, ಮದ್ದು ಚುಚ್ಚಿ ಪ್ರಶ್ನೆ ಕೇಳುವ ಈ ನಾರ್ಕೊ (ಮಂಪರು) ಪರೀಕ್ಷೆ ಎಂದರೆ ದೇಶಕ್ಕೆಲ್ಲ ಬೆಂಗಳೂರೇ ನೆನಪಾಗುತ್ತಿತ್ತು. ನಕಲಿ ಛಾಪಾ ಕಾಗದ ಹಗರಣದ ಆರೋಪಿ ತೆಲಗಿಗೆ 2003ರಲ್ಲಿ ಪರೀಕ್ಷೆ ನಡೆದದ್ದು ಅಲ್ಲಿ. ಅದರ ದೃಶ್ಯಗಳು ಆಮೇಲೆ ಟಿವಿಯಲ್ಲಿ ಬಂದದ್ದನ್ನು ಇಲ್ಲಿರುವ ಹಿರಿಯರು ನೋಡಿಯೇ ಇರುತ್ತಾರೆ. ಮಿದುಳಿನ ಅಲೆಗಳಿಂದ ‘ಅನುಭವದ ನೆನಪು’ ಗುರುತಿಸುತ್ತೇವೆ ಎಂಬ ತಂತ್ರವನ್ನು ಬೆಳೆಸಿದ ಸಿ.ಆರ್. ಮುಕುಂದನ್ ಕೂಡ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದ್ದವರು. ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್, ನ್ಯಾಯಮೂರ್ತಿಗಳಾದ ಆರ್.ವಿ. ರವೀಂದ್ರನ್ ಮತ್ತು ಜೆ.ಎಂ. ಪಾಂಚಾಲ್ ಅವರ ಪೀಠ, ಒಪ್ಪಿಗೆಯಿಲ್ಲದೆ ಇವು ಯಾವುದನ್ನೂ ಮಾಡುವಂತಿಲ್ಲ ಎಂದಿತು. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಒತ್ತಾಯಿಸಬಾರದು ಎನ್ನುವ ಸಂವಿಧಾನದ 20(3)ನೇ ವಿಧಿ, ಜೊತೆಗೆ 21ನೇ ವಿಧಿ, ಎರಡಕ್ಕೂ ಇದು ವಿರುದ್ಧ ಎಂದಿತು.

ಇಷ್ಟು ಎಲ್ಲ ಪಠ್ಯಪುಸ್ತಕದಲ್ಲೂ ಇದೆ. ಪಠ್ಯಪುಸ್ತಕದಲ್ಲಿ ಇಲ್ಲದ್ದು ಆ ತೀರ್ಪಿನ ಉಲ್ಲೇಖಗಳು. ಇನ್ನೂರೈವತ್ತು ಪುಟಗಳಷ್ಟು ಉದ್ದದ ಆ ತೀರ್ಪಿನಲ್ಲಿ ನ್ಯಾಯಾಲಯ ಕಾನೂನು ಪತ್ರಿಕೆಗಳ ಹಳೆಯ ಲೇಖನಗಳನ್ನು ಒಂದರ ಮೇಲೊಂದು ಉದ್ಧರಿಸುತ್ತದೆ. 1922ರಲ್ಲಿ ಟೆಕ್ಸಾಸ್‌ನ ಪ್ರಸೂತಿ ವೈದ್ಯ ರಾಬರ್ಟ್ ಹೌಸ್, ಹೆರಿಗೆಯ ಹೊತ್ತಿಗೆ ಕೊಡುತ್ತಿದ್ದ ಸ್ಕೋಪೊಲಮೀನ್ ಮದ್ದನ್ನು ಡಲ್ಲಾಸ್ ಜೈಲಿನ ಇಬ್ಬರು ಕೈದಿಗಳ ಮೇಲೆ ಪ್ರಯೋಗಿಸಿದ ಕಥೆ ಅಲ್ಲಿದೆ. 1953ರ ಯೇಲ್ ಲಾ ಜರ್ನಲ್‌ನ ಒಂದು ಲೇಖನ ಬರುತ್ತದೆ. ಬರೆದವರು ಕಾನೂನು ಪ್ರಾಧ್ಯಾಪಕರು ಮತ್ತು ಮನೋವೈದ್ಯರು ಒಟ್ಟು ನಾಲ್ವರು, ಡೆಷನ್, ಫ್ರೀಡ್‌ಮನ್, ಡಾನೆಲಿ, ರೆಡ್ಲಿಕ್. 1961ರಲ್ಲಿ ಆಂದ್ರೆ ಮೊನ್ಸೆನ್ಸ್ ‘ಜರ್ನಲ್ ಆಫ್ ಕ್ರಿಮಿನಲ್ ಲಾ, ಕ್ರಿಮಿನಾಲಜಿ ಅಂಡ್ ಪೊಲೀಸ್ ಸೈನ್ಸ್’ನಲ್ಲಿ ಬರೆದದ್ದೂ ಬರುತ್ತದೆ. ಮದ್ದಿನ ಮಂಪರಿನಲ್ಲೂ ಮನುಷ್ಯ ಸುಳ್ಳು ಹೇಳಬಲ್ಲ, ಕೇಳುವವರು ಸೂಚಿಸಿದ ಕಡೆಗೆ ವಾಲಬಲ್ಲ, ಕಲ್ಪನೆಯನ್ನು ನಡೆದದ್ದೆಂದು ಹೇಳಬಲ್ಲ ಎಂಬ ಎಚ್ಚರಿಕೆ ಆ ಕಾಲದ ಬರಹಗಳಲ್ಲೇ ಇತ್ತು.

ಇಸವಿಗಳನ್ನು ಗಮನಿಸಿ. 1953, 1961. ನಮ್ಮಲ್ಲಿ ನಾರ್ಕೊ ಪರೀಕ್ಷೆಯನ್ನು ಹಲವು ಹೈಕೋರ್ಟುಗಳು ಒಪ್ಪಿದ್ದು 2004ರ ಸುತ್ತಮುತ್ತ. ನಡುವೆ ನಾಲ್ಕು ದಶಕಕ್ಕೂ ಮೀರಿದ ಕಾಲ. ಅಷ್ಟೂ ಕಾಲ ಆ ಲೇಖನಗಳು ಕಪಾಟಿನಲ್ಲಿದ್ದವು. ಹುಡುಕಲು ಸೂಚಿಗಳೂ ಇದ್ದವು. ಅಮೆರಿಕದ ‘ಇಂಡೆಕ್ಸ್ ಟು ಲೀಗಲ್ ಪೀರಿಯಾಡಿಕಲ್ಸ್’ ಶುರುವಾದದ್ದು 1908ರಲ್ಲಿ. ನಮ್ಮದೇ ದೆಹಲಿಯ ಇಂಡಿಯನ್ ಲಾ ಇನ್‌ಸ್ಟಿಟ್ಯೂಟ್ 1963ರಿಂದ ‘ಇಂಡೆಕ್ಸ್ ಟು ಇಂಡಿಯನ್ ಲೀಗಲ್ ಪೀರಿಯಾಡಿಕಲ್ಸ್’ ಪ್ರಕಟಿಸುತ್ತಿದೆ. ಆರೋಪಿಯ ತೋಳಿಗೆ ಸೂಜಿ ಹೋಗುವ ಮೊದಲು ಯಾರಾದರೊಬ್ಬರು ಆ ಸಂಪುಟಗಳನ್ನು ತೆರೆದಿದ್ದರೆ ಚರ್ಚೆಯ ಮಟ್ಟವಾದರೂ ಬೇರೆ ಇರುತ್ತಿತ್ತು ಎಂದು ನನ್ನ ಅನಿಸಿಕೆ. ನೀತಿಯ ಪ್ರಶ್ನೆಯಲ್ಲಿ ಹುಡುಕುವ ಶ್ರಮವೂ ನೀತಿಗೆ ಸೇರಿದ್ದು. ನಾನು ಇವತ್ತು ಹೇಳಬೇಕೆಂದಿರುವುದು ಇದನ್ನೇ. ಉಳಿದದ್ದೆಲ್ಲ ಅದರ ವಿವರ.

ಸೂಚಿಯ ಒಂದು ನಮೂದನ್ನು ಹತ್ತಿರದಿಂದ ನೋಡಿ. ಮೊದಲು ದಪ್ಪ ಅಕ್ಷರದಲ್ಲಿ ವಿಷಯ ಶೀರ್ಷಿಕೆ. ಅದರ ಕೆಳಗೆ ಲೇಖನದ ಹೆಸರು, ಲೇಖಕರು, ಪತ್ರಿಕೆಯ ಸಂಕ್ಷಿಪ್ತ ಹೆಸರು, ಸಂಪುಟ, ಪುಟ, ವರ್ಷ. ಮೊನ್ಸೆನ್ಸ್ ಅವರ ಲೇಖನವಾದರೆ 52ನೇ ಸಂಪುಟ, 453ರಿಂದ 458ನೇ ಪುಟ, 1961. ಇಷ್ಟೇ. ಲೇಖನ ಒಳ್ಳೆಯದೆಂದಾಗಲಿ ಕೆಟ್ಟದ್ದೆಂದಾಗಲಿ ಸೂಚಿ ಹೇಳುವುದಿಲ್ಲ. ಆದರೆ ಆ ದಪ್ಪ ಅಕ್ಷರದ ಶೀರ್ಷಿಕೆಯ ಹಿಂದೆ ಒಬ್ಬ ಮನುಷ್ಯ ಕೂತು ಲೇಖನ ತಿರುವಿ, ಇದು ಯಾವುದರ ಬಗ್ಗೆ ಎಂದು ತೀರ್ಮಾನಿಸಿದ್ದಾನೆ. ಹುಡುಕಾಟದ ಪೆಟ್ಟಿಗೆ ಪದ ಹೊಂದಿಸುತ್ತದೆ. ಸೂಚಿಕಾರ ವಿಷಯ ಹೊಂದಿಸುತ್ತಾನೆ. ಲೇಖನದ ಹೆಸರಿನಲ್ಲಿ ‘ನಾರ್ಕೊ’ ಎಂಬ ಪದ ಇಲ್ಲದಿದ್ದರೂ ಅದು ಆ ಶೀರ್ಷಿಕೆಯ ಕೆಳಗೆ ಬಂದು ಕೂತಿರುತ್ತದೆ.

ತೊಡಕು ಎಲ್ಲಿದೆಯೆಂದರೆ, ಅಪರಾಧ ನ್ಯಾಯದ ನೀತಿ ಎಂಬ ವಿಷಯ ಒಂದೇ ಮನೆಯಲ್ಲಿ ವಾಸ ಮಾಡುವುದಿಲ್ಲ. ಅದರ ಹೆಸರನ್ನೇ ಹೊತ್ತ ‘ಕ್ರಿಮಿನಲ್ ಜಸ್ಟಿಸ್ ಎಥಿಕ್ಸ್’ ಎಂಬ ಪತ್ರಿಕೆ 1982ರಿಂದ ನ್ಯೂಯಾರ್ಕಿನ ಜಾನ್ ಜೇ ಕಾಲೇಜಿನ ಆಶ್ರಯದಲ್ಲಿ ಬರುತ್ತಿದೆ. ಅದರ ಸಂಪಾದಕರಾಗಿದ್ದ ಜಾನ್ ಕ್ಲೈನಿಗ್ 1996ರಲ್ಲಿ ಪೊಲೀಸ್ ವೃತ್ತಿಯ ನೀತಿ ಕುರಿತು ಬರೆದ ಪುಸ್ತಕ ಇಂದಿಗೂ ಈ ಕ್ಷೇತ್ರಕ್ಕೆ ಕಾಲಿಡುವವರ ಹೆಬ್ಬಾಗಿಲು. ಈ ಪತ್ರಿಕೆಯನ್ನು ಅಪರಾಧಶಾಸ್ತ್ರದವರ ‘ಕ್ರಿಮಿನಲ್ ಜಸ್ಟಿಸ್ ಅಬ್‌ಸ್ಟ್ರಾಕ್ಟ್ಸ್’ ಸೂಚಿಸುತ್ತದೆ. ತತ್ತ್ವಶಾಸ್ತ್ರದವರ, 1967ರಲ್ಲಿ ಶುರುವಾದ ‘ಫಿಲಾಸಫರ್ಸ್ ಇಂಡೆಕ್ಸ್’ ಕೂಡ ಸೂಚಿಸುತ್ತದೆ. ಆದರೆ ನಮ್ಮ ನಾರ್ಕೊ ಪ್ರಶ್ನೆಗೆ ಬೇಕಾದ ಅತ್ಯಂತ ಹರಿತವಾದ ಭಾರತೀಯ ಬರಹ ಈ ಎರಡೂ ಮನೆಗಳಲ್ಲಿ ಹುಟ್ಟಿದ್ದಲ್ಲ. ಅದು ವೈದ್ಯಕೀಯದ ಮನೆಯದು.

ಏಕೆಂದು ಯೋಚಿಸಿ. ಪೆಂಟೊಥಾಲನ್ನು ಪೊಲೀಸರು ಚುಚ್ಚುವುದಿಲ್ಲ, ಅರಿವಳಿಕೆ ವೈದ್ಯರು ಚುಚ್ಚುತ್ತಾರೆ. ಮೇಜಿನ ಮೇಲೆ ಮಲಗಿದವನು ರೋಗಿಯಲ್ಲ, ಮದ್ದು ಅವನ ಹಿತಕ್ಕಲ್ಲ. ಹಾಗಿದ್ದಾಗ ಆ ವೈದ್ಯರು ಮಾಡುತ್ತಿರುವುದೇನು? ಸುಪ್ರೀಂ ಕೋರ್ಟಿನ ಮುಂದಿದ್ದ ಮುಖ್ಯ ಪ್ರಶ್ನೆ ಇದಲ್ಲ. ಆದರೆ ಮುಂಬೈಯಿಂದ ಬರುವ ‘ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ಎಥಿಕ್ಸ್’ನಲ್ಲಿ ಅಮರ್ ಜೇಸಾನಿ 2006ರಲ್ಲಿ, ಅಂದರೆ ತೀರ್ಪಿಗೆ ನಾಲ್ಕು ವರ್ಷ ಮೊದಲು, ವಿಚಾರಣೆಯಲ್ಲಿ ವೈದ್ಯರು ಭಾಗಿಯಾಗುವುದರ ಬಗ್ಗೆಯೇ ಸಂಪಾದಕೀಯ ಬರೆದರು. ಕಾನೂನು ಸೂಚಿಗಳನ್ನಷ್ಟೇ ತಿರುವಿದವನ ಕಣ್ಣಿಗೆ ಅದು ಬೀಳುವುದು ಕಷ್ಟ. ಅದು ಸಿಗುವುದು ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ಪಬ್‌ಮೆಡ್‌ನಲ್ಲಿ. 1997ರಿಂದ ಅದು ಲೋಕಕ್ಕೆಲ್ಲ ಉಚಿತ. ಈ ಸಭಾಂಗಣದಲ್ಲಿ ಸಿಗ್ನಲ್ ಸಿಕ್ಕಿದರೆ ನಿಮ್ಮ ಮೊಬೈಲಿನಲ್ಲೇ ತೆರೆಯುತ್ತದೆ.

ಪಬ್‌ಮೆಡ್‌ನಲ್ಲಿ ಸುಮ್ಮನೆ ಪದ ಹಾಕಬೇಡಿ. ಅದರ ಬೆನ್ನಿಗೆ ‘ಮೆಷ್’ ಎಂಬ ವಿಷಯ ಶೀರ್ಷಿಕೆಗಳ ಪಟ್ಟಿಯಿದೆ, ಅದನ್ನು ನೋಡಿ. ‘ಲೈ ಡಿಟೆಕ್ಷನ್’ ಎಂಬ ಶೀರ್ಷಿಕೆ ಇದೆ, ‘ಕೊಅರ್ಷನ್’ ಇದೆ, ‘ಟಾರ್ಚರ್’ ಇದೆ. ಸತ್ಯ ಹೊರಬರಿಸುವ ಮದ್ದಲ್ಲವೆ ಎಂದುಕೊಂಡು ‘ಟ್ರೂತ್ ಡಿಸ್‌ಕ್ಲೋಷರ್’ ಎಂಬ ಶೀರ್ಷಿಕೆಗೆ ಹೋದಿರೋ, ನಿಮ್ಮ ಮುಂದೆ ಸಾವಿರಾರು ಲೇಖನ ಬರುತ್ತವೆ. ಹೆಚ್ಚಿನವು ಕ್ಯಾನ್ಸರ್ ಇದೆಯೆಂದು ರೋಗಿಗೆ ವೈದ್ಯರು ಹೇಳಬೇಕೆ ಬೇಡವೆ ಎಂಬ ಥರದವು. ಆ ಮನೆಯಲ್ಲಿ ಸತ್ಯ ಹೇಳಬೇಕಾದವರು ವೈದ್ಯರು! ‘ಲೈ ಡಿಟೆಕ್ಷನ್’ ಜೊತೆಗೆ ‘ಎಥಿಕ್ಸ್’ ಸೇರಿಸಿ, ಮತ್ತೆ ‘ಇಂಡಿಯಾ’ ಸೇರಿಸಿ. ಪಟ್ಟಿ ಒಂದು ಸಂಜೆಯಲ್ಲಿ ಓದಿ ಮುಗಿಸುವಷ್ಟಕ್ಕೆ ಇಳಿಯುತ್ತದೆ.

ರಾಜ್ಯಶಾಸ್ತ್ರದ ಮನೆ ಇನ್ನೊಂದು. ಜಿನೀ ಲೋಕನೀತಾ ಅವರ ‘ದಿ ಟ್ರೂತ್ ಮಷೀನ್ಸ್’ 2020ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯ ಮುದ್ರಣಾಲಯದಿಂದ ಬಂತು. ಭಾರತದ ಪೊಲೀಸರು ಈ ಯಂತ್ರಗಳನ್ನು ಹೊಡೆತದ ಬದಲಿಗೆ ಬಳಸುತ್ತಾರೋ ಹೊಡೆತದ ಜೊತೆಗೆ ಬಳಸುತ್ತಾರೋ ಎಂಬ ಅಹಿತಕರ ಪ್ರಶ್ನೆಯನ್ನು ಎತ್ತುವ ಪುಸ್ತಕ ಅದು. ತತ್ತ್ವಶಾಸ್ತ್ರದ ಮನೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ; ‘ಫಿಲ್‌ಪೇಪರ್ಸ್’ ಉಚಿತವಾಗಿದೆ, ಹೋಗಿ ನೋಡಿ. ಅಮೆರಿಕ ಸರ್ಕಾರ 1972ರಲ್ಲಿ ಶುರುಮಾಡಿದ ಎನ್‌ಸಿಜೆಆರ್‌ಎಸ್ ಎಂಬ ಭಂಡಾರದಲ್ಲಿ ಪೊಲೀಸು, ಜೈಲು, ನ್ಯಾಯಾಲಯ ಕುರಿತ ಎರಡು ಲಕ್ಷಕ್ಕೂ ಮೀರಿದ ಬರಹಗಳ ಸಾರಾಂಶಗಳಿವೆ, ಅದೂ ಉಚಿತ. ಸಾರಾಂಶ ಓದಿ ಲೇಖನ ಓದಿದೆ ಎಂದುಕೊಳ್ಳುವವರನ್ನು ಬಹಳ ಕಂಡಿದ್ದೇನೆ. ಸಾರಾಂಶದಲ್ಲಿ ‘ಆದರೆ’ಗಳು ಇರುವುದಿಲ್ಲ. ನೀತಿಯ ಚರ್ಚೆಯ ಜೀವ ಇರುವುದೇ ಆ ‘ಆದರೆ’ಗಳಲ್ಲಿ.

ಇಲ್ಲಿಯವರೆಗೆ ಹೇಳಿದ್ದು ವಿಷಯ ಹಿಡಿದು ಹುಡುಕುವ ದಾರಿ. ಇನ್ನೊಂದು ದಾರಿಯಿದೆ, ಅದನ್ನು ಲೋಕಕ್ಕೆ ಕೊಟ್ಟವರು ವಕೀಲರ ಕಡೆಯವರು. 1873ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಫ್ರಾಂಕ್ ಷೆಪರ್ಡ್ ಎಂಬಾತ ಅಂಟು ಹಚ್ಚಿದ ಚೀಟಿಗಳನ್ನು ಮಾರತೊಡಗಿದ. ಈ ತೀರ್ಪನ್ನು ಮುಂದೆ ಯಾವ ಯಾವ ತೀರ್ಪು ಉಲ್ಲೇಖಿಸಿತು, ಎತ್ತಿಹಿಡಿಯಿತೋ ತಳ್ಳಿಹಾಕಿತೋ ಎಂದು ಚೀಟಿಯಲ್ಲಿ ಅಚ್ಚಾಗಿರುತ್ತಿತ್ತು. ವಕೀಲರು ಅದನ್ನು ತಮ್ಮ ಪುಸ್ತಕದ ಅಂಚಿಗೆ ಅಂಟಿಸಿಕೊಳ್ಳುತ್ತಿದ್ದರು. ಎಂಬತ್ತು ವರ್ಷದ ನಂತರ, ಷೆಪರ್ಡ್ ಸಂಸ್ಥೆಯಲ್ಲಿ ಉಪಾಧ್ಯಕ್ಷರಾಗಿದ್ದ ವಿಲಿಯಂ ಅಡೈರ್ ಈ ಪದ್ಧತಿಯನ್ನು ವಿವರಿಸಿ ಯೂಜೀನ್ ಗಾರ್‌ಫೀಲ್ಡ್ ಎಂಬ ತರುಣನಿಗೆ ಕಾಗದ ಬರೆದರು. ಗಾರ್‌ಫೀಲ್ಡ್ ಅದನ್ನು ವಿಜ್ಞಾನಕ್ಕೆ ಒಗ್ಗಿಸಿ 1955ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದ, 1964ರಲ್ಲಿ ‘ಸೈನ್ಸ್ ಸೈಟೇಷನ್ ಇಂಡೆಕ್ಸ್’ ಹೊರತಂದ. ಇವತ್ತು ಗೂಗಲ್ ಸ್ಕಾಲರ್‌ನಲ್ಲಿ ಪ್ರತಿ ಲೇಖನದ ಕೆಳಗೆ ‘ಸೈಟೆಡ್ ಬೈ’ ಎಂದು ಕಾಣುತ್ತದಲ್ಲ, ಅದು ಆ ಅಂಟುಚೀಟಿಯ ಮರಿಮಗ.

ಇದರ ಉಪಯೋಗ ನೋಡಿ. ತೀರ್ಪಿನೊಳಗಿನ ಉಲ್ಲೇಖಗಳು ನಿಮ್ಮನ್ನು ಹಿಂದಕ್ಕೆ ಒಯ್ಯುತ್ತವೆ, 1961ಕ್ಕೆ, 1953ಕ್ಕೆ. ಉಲ್ಲೇಖ ಸೂಚಿ ಮುಂದಕ್ಕೆ ಒಯ್ಯುತ್ತದೆ. ಇಂಡಿಯನ್ ಕಾನೂನ್ ಜಾಲತಾಣದಲ್ಲಿ ಸೆಲ್ವಿ ತೀರ್ಪನ್ನು ತೆರೆದು, ಅದನ್ನು ಉಲ್ಲೇಖಿಸಿದ ತೀರ್ಪುಗಳ ಪಟ್ಟಿಗೆ ಹೋಗಿ. 2025ರ ಜೂನ್‌ನಲ್ಲಿ ಅಮ್ಲೇಶ್ ಕುಮಾರ್ ವಿರುದ್ಧ ಬಿಹಾರ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸೆಲ್ವಿಯನ್ನು ಮತ್ತೆ ಎತ್ತಿಹಿಡಿದದ್ದು ಸಿಗುತ್ತದೆ. ಆರೋಪಿ ತಾನಾಗಿಯೇ ಪರೀಕ್ಷೆ ಬೇಕೆಂದರೂ ಅದು ಅವನ ಪರಮ ಹಕ್ಕಲ್ಲ ಎಂಬ ಮಾತು ಅಲ್ಲಿದೆ. ಹಾಗೆಯೇ ಹಳೆಯ ಸೆಕ್ಷನ್ ಸಂಖ್ಯೆಗಳ ಬಗ್ಗೆ ಎಚ್ಚರವಿರಲಿ. 2024ರ ಜುಲೈ 1ರಿಂದ ಸಾಕ್ಷ್ಯ ಕಾಯಿದೆಯ ಜಾಗದಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ಆರೋಪಿ ಕೊಟ್ಟ ಮಾಹಿತಿಯಿಂದ ಪತ್ತೆಯಾದದ್ದನ್ನು ಸಾಕ್ಷ್ಯವಾಗಿ ಒಪ್ಪುವ ಹಳೆಯ 27ನೇ ಸೆಕ್ಷನ್ ಈಗ 23ನೇ ಸೆಕ್ಷನ್ನಿನ ಪರಂತುಕವಾಗಿ ಕೂತಿದೆ. ಎರಡೂ ಹೆಸರಲ್ಲಿ ಹುಡುಕದಿದ್ದರೆ ಅರ್ಧ ಸಾಹಿತ್ಯ ಕೈತಪ್ಪುತ್ತದೆ.

ಹೆಸರಿನ ಈ ಪೇಚು ಕೊಡಗಿನವರಿಗೆ ಯಾರೂ ಕಲಿಸಬೇಕಾಗಿಲ್ಲ. ನಿಮ್ಮ ಕೋವಿ ಪರವಾನಗಿ ವಿನಾಯಿತಿಯ ಬಗ್ಗೆ, ಊರ ಮುಖ್ಯಸ್ಥರಾದ ತಕ್ಕರು ಕೂತು ಬಗೆಹರಿಸುತ್ತಿದ್ದ ನ್ಯಾಯದ ಬಗ್ಗೆ ಯಾರಾದರೂ ‘ಕೊಡಗು’ ಎಂದಷ್ಟೇ ಹಾಕಿ ಹುಡುಕಿದರೆ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರು ಕೊಡವರ ಬಗ್ಗೆ ಬರೆದ 1952ರ ಪುಸ್ತಕವೇ ತಪ್ಪಿಹೋದೀತು. ಅದರ ಹೆಸರಿನಲ್ಲಿರುವುದು ‘ಕೂರ್ಗ್ಸ್’. ಒಳ್ಳೆಯ ಸೂಚಿಯಲ್ಲಿ ‘ಕೂರ್ಗ್: ನೋಡಿ ಕೊಡಗು’ ಎಂಬ ಒಂದು ಸಾಲು ಇರುತ್ತದೆ. ಇಡೀ ಗ್ರಂಥಾಲಯ ಶಾಸ್ತ್ರದಲ್ಲಿ ನನಗೆ ಅತಿ ಪ್ರಿಯವಾದ ಪದ ಆ ‘ನೋಡಿ’.

ಈ ಶಾಸ್ತ್ರದ ಮೇಲೆ ನಮ್ಮ ರಾಜ್ಯದ ಋಣವೂ ಇದೆ, ಅದನ್ನು ಹೇಳದೆ ಮುಂದೆ ಹೋಗಲಾರೆ. ಗ್ರಂಥಾಲಯ ಶಾಸ್ತ್ರಜ್ಞ ಎಸ್.ಆರ್. ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. 1962ರಲ್ಲಿ ಅಲ್ಲಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರ ಕಟ್ಟಿದರು, 1972ರಲ್ಲಿ ಅಲ್ಲೇ ತೀರಿಕೊಂಡರು. ಸರಪಳಿ ಸೂಚೀಕರಣ ಅವರ ಕೊಡುಗೆ. ದೊಡ್ಡದರಿಂದ ಚಿಕ್ಕದಕ್ಕೆ ವಿಷಯವನ್ನು ಕೊಂಡಿ ಕೊಂಡಿಯಾಗಿ ಬಿಡಿಸಿಟ್ಟು, ಆಮೇಲೆ ಕೊನೆಯ ಕೊಂಡಿಯಿಂದ ಹಿಂದಕ್ಕೆ ಓದುವುದು. ನಮ್ಮ ಉದಾಹರಣೆಯಲ್ಲಿ ನಾರ್ಕೊ ಪರೀಕ್ಷೆ, ಅದರ ಮೇಲೆ ವಿಚಾರಣೆ, ಅದರ ಮೇಲೆ ತನಿಖೆ, ಅದರ ಮೇಲೆ ಅಪರಾಧ ಪ್ರಕ್ರಿಯೆ, ಕೊನೆಗೆ ಕಾನೂನು. ಪ್ರತಿ ಕೊಂಡಿಯೂ ಒಂದು ಬಾಗಿಲು. ಓದುಗ ಯಾವ ಬಾಗಿಲಿಗೆ ಬಂದರೂ ಲೇಖನ ಸಿಗಬೇಕು. ಸೂಚಿ ಕೈಗೆ ಸಿಗದಿದ್ದಾಗಲೂ ಈ ಕೊಂಡಿಗಳನ್ನು ಕಾಗದದ ಮೇಲೆ ಬರೆದುಕೊಂಡು ಹುಡುಕಲು ಕೂತರೆ ಕೆಲಸ ಅರ್ಧ ಮುಗಿದಂತೆ. ಅಂದಹಾಗೆ, ರಂಗನಾಥನ್ ತಮ್ಮ ಪತ್ನಿ ಶಾರದಾ ಅವರ ಹೆಸರಿನಲ್ಲಿ ಬೆಂಗಳೂರಿನಲ್ಲಿ ಒಂದು ದತ್ತಿ ಸ್ಥಾಪಿಸಿದರು. ದತ್ತಿ ಉಪನ್ಯಾಸದಲ್ಲಿ ಅವರ ಹೆಸರು ಬರುವುದು ಉಚಿತವೇ.

ಸೂಚಿಗೆ ಇನ್ನೊಂದು ಕೆಲಸವಿದೆ, ಈಚಿನ ಎರಡು ಮೂರು ವರ್ಷದಲ್ಲಿ ಅದೇ ದೊಡ್ಡ ಕೆಲಸವಾಗಿಬಿಟ್ಟಿದೆ. ಒಂದು ಲೇಖನ ಇದೆಯೆಂದು ತೋರಿಸುವಷ್ಟೇ ಮುಖ್ಯವಾಗಿ, ಇಲ್ಲವೆಂದೂ ಅದು ತೋರಿಸಬಲ್ಲದು. 2024ರ ಡಿಸೆಂಬರ್ ಕೊನೆಯಲ್ಲಿ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಬೆಂಗಳೂರು ಪೀಠದ ಆದೇಶವೊಂದರಲ್ಲಿ ಅಸ್ತಿತ್ವದಲ್ಲೇ ಇಲ್ಲದ ತೀರ್ಪುಗಳು ಉಲ್ಲೇಖಗೊಂಡಿದ್ದವು, ಆದೇಶವನ್ನು ಹಿಂಪಡೆಯಬೇಕಾಯಿತು. 2025ರಲ್ಲಿ ಬೆಂಗಳೂರಿನ ಸಿವಿಲ್ ನ್ಯಾಯಾಲಯವೊಂದು ಉಲ್ಲೇಖಿಸಿದ ತೀರ್ಪುಗಳು ಎಲ್ಲೂ ಇಲ್ಲವೆಂದು ಕರ್ನಾಟಕ ಹೈಕೋರ್ಟು ಗಮನಿಸಿ ಕ್ರಮಕ್ಕೆ ಸೂಚಿಸಿತು. ಕೃತಕ ಬುದ್ಧಿಮತ್ತೆಯ, ಮಾತು ಹೆಣೆಯುವ ಯಂತ್ರಗಳು ಲೇಖಕರ ಹೆಸರು, ಪತ್ರಿಕೆ, ಸಂಪುಟ, ಪುಟ ಎಲ್ಲವನ್ನೂ ಒಪ್ಪವಾಗಿ ಜೋಡಿಸಿ ಇಲ್ಲದ ಲೇಖನವನ್ನು ಕೊಟ್ಟುಬಿಡುತ್ತವೆ. ನೋಡಲು ಸೂಚಿಯ ನಮೂದಿನ ಹಾಗೇ ಇರುತ್ತದೆ. ಆ ಸಂಪುಟದ ಆ ಪುಟವನ್ನು ಸೂಚಿಯಲ್ಲಿ ಒಮ್ಮೆ ತಾಳೆ ನೋಡಲು ಐದು ನಿಮಿಷ ಸಾಕು. ಒಬ್ಬನ ಜಾಮೀನು, ಒಬ್ಬನ ಜೈಲುವಾಸ ಆ ಉಲ್ಲೇಖದ ಮೇಲೆ ನಿಂತಿರುವಾಗ ಐದು ನಿಮಿಷ ಉಳಿಸಿದವರನ್ನು ಸೋಮಾರಿ ಎಂದಷ್ಟೇ ಕರೆದರೆ ಕಡಿಮೆಯಾಯಿತು.

ದುಡ್ಡಿನ ಮಾತು. ಸೂಚಿ ಉಚಿತವಾದರೂ ಲೇಖನ ಉಚಿತವಲ್ಲ ಎಂಬುದು ನಿಜ. ಆದರೂ ಬಾಗಿಲುಗಳಿವೆ. ಮೊನ್ಸೆನ್ಸ್ ಲೇಖನ ಬಂದ ಪತ್ರಿಕೆಯ ಹಳೆಯ ಸಂಪುಟಗಳನ್ನು ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯ ತೆರೆದಿಟ್ಟಿದೆ. ಜೆಸ್ಟೋರ್‌ನಲ್ಲಿ ಉಚಿತ ಖಾತೆ ತೆರೆದರೆ ತಿಂಗಳಿಗೆ 100 ಲೇಖನಗಳವರೆಗೆ ಪರದೆಯ ಮೇಲೆ ಓದಬಹುದು. ನಮ್ಮ ವಿಶ್ವವಿದ್ಯಾಲಯಗಳ ಪಿಎಚ್‌.ಡಿ. ಪ್ರಬಂಧಗಳಿಗೆ ಶೋಧಗಂಗಾ ಇದೆ. 2025ರ ಜನವರಿಯಲ್ಲಿ ಶುರುವಾದ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಯೋಜನೆ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳನ್ನು ತೆರೆದಿದೆ. ಖಾಸಗಿ ಕಾನೂನು ಕಾಲೇಜುಗಳಲ್ಲಿ ಓದುವವರು ಇದರ ಹೊರಗೆ ನಿಂತಿದ್ದಾರೆ. ನಮ್ಮಲ್ಲಿ ಕಾನೂನು ಓದುವವರ ದೊಡ್ಡ ಪಾಲು ಅವರದೇ. ಇದು ಸರಿಯಲ್ಲ.

ಕೊನೆಯದಾಗಿ, ನಾನು ಇಷ್ಟು ಹೊತ್ತು ಹೆಸರಿಸಿದ ಸೂಚಿಗಳಲ್ಲಿ ಕನ್ನಡದ ಬರಹ ಸಿಗುವುದು ಅಪರೂಪ. ಬೆಂಗಳೂರಿನ ಪ್ರಯೋಗಾಲಯದ ಬಗ್ಗೆ ಮಿಷಿಗನ್‌ನಲ್ಲಿ ಅಚ್ಚಾದದ್ದು ನಿಮಗೆ ಒಂದು ನಿಮಿಷದಲ್ಲಿ ಸಿಗುತ್ತದೆ. ವಿರಾಜಪೇಟೆ ಠಾಣೆಯ, ಮಡಿಕೇರಿ ಜೈಲಿನ ಬಗ್ಗೆ ಮಡಿಕೇರಿಯಲ್ಲೇ ಅಚ್ಚಾದದ್ದಕ್ಕೆ ದಾರಿಯಿಲ್ಲ. ‘ಶಕ್ತಿ’ ದಿನಪತ್ರಿಕೆ 1957ರಿಂದ ಬರುತ್ತಿದೆ. ಪೊಲೀಸರ ನಡವಳಿಕೆ, ವಿಚಾರಣಾಧೀನ ಕೈದಿಗಳು, ಸಾಕ್ಷಿಗಳ ಪಾಡು, ತೋಟದ ಲೈನ್‌ಮನೆಗಳಿಂದ ಠಾಣೆಗೆ ಹೋದ ದೂರುಗಳ ಗತಿ, ಇವುಗಳ ಬಗ್ಗೆ ಅದರಲ್ಲಿ ಎಷ್ಟು ವರದಿ, ಎಷ್ಟು ಸಂಪಾದಕೀಯ, ಎಷ್ಟು ಓದುಗರ ಓಲೆ ಬಂದಿರಬಹುದು ಯೋಚಿಸಿ. ನಾಡಿಕೇರಿಯಂಡ ಚಿಣ್ಣಪ್ಪನವರು ಪೊಲೀಸ್ ಇಲಾಖೆಯಲ್ಲಿ ದುಡಿದವರು. ಊರೂರಿನ ಹಾಡು, ಗಾದೆ, ಪದ್ಧತಿ ಕೂಡಿಸಿ, ವಿಂಗಡಿಸಿ, 1924ರಲ್ಲಿ ‘ಪಟ್ಟೋಲೆ ಪಳಮೆ’ ಕೊಟ್ಟರು. ವಿಂಗಡಿಸುವ ಕೆಲಸ ಈ ಜಿಲ್ಲೆಗೆ ಹೊಸದಲ್ಲ.

ಆದ್ದರಿಂದ ದತ್ತಿಯ ಹಿರಿಯರಲ್ಲಿ ಒಂದು ಬೇಡಿಕೆ. ಮುಂದಿನ ವರ್ಷದ ಬಡ್ಡಿಯಲ್ಲಿ ಉಪನ್ಯಾಸಕಾರನಿಗೆ ಹಾರ, ಶಾಲು, ಪೇಟ ಬೇಡ. ಆ ದುಡ್ಡಿನಲ್ಲಿ ಇಬ್ಬರು ವಿದ್ಯಾರ್ಥಿಗಳಿಗೆ ಬೇಸಿಗೆ ರಜೆಯ ಭತ್ಯೆ ಕೊಡಿ. ಪತ್ರಿಕೆಯವರ ಅನುಮತಿ ಪಡೆದು ಒಂದು ದಶಕದ ಸಂಚಿಕೆಗಳನ್ನು ತಿರುವಲಿ. ಒಂದು ಹಾಳೆಗೆ ಆರು ಕಾಲಂ: ವಿಷಯ ಶೀರ್ಷಿಕೆ, ಬರಹದ ತಲೆಬರಹ, ಬರೆದವರು, ದಿನಾಂಕ, ಪುಟ, ಊರು. ಆರೋಪಿಗಳ, ನೊಂದವರ ಹೆಸರು ಸೂಚಿಗೆ ಬರುವುದು ಬೇಡ. ಮುಗಿದುಹೋದ ಮೊಕದ್ದಮೆಯನ್ನು ಯಾರ ಮನೆ ಬಾಗಿಲಿಗೂ ಮತ್ತೆ ಒಯ್ಯಬಾರದು. ವಿಷಯ ಶೀರ್ಷಿಕೆಗಳ ಮೊದಲ ಪಟ್ಟಿಯನ್ನು ನಾನು ಬರೆದುಕೊಡುತ್ತೇನೆ. ತಯಾರಾದ ಸೂಚಿಯ ಒಂದು ಪ್ರತಿ ಪಂಚಾಯಿತಿಯ ಅರಿವು ಕೇಂದ್ರದಲ್ಲಿರಲಿ, ಒಂದು ಪೊನ್ನಂಪೇಟೆಯ ವಕೀಲರ ಕೈಗೆ ಹೋಗಲಿ, ಇನ್ನೊಂದು ಮಡಿಕೇರಿಗೆ. ಎಡವಿದ ಕಡೆ ತಿದ್ದಿಕೊಳ್ಳಲು ಹಾಳೆಯ ಬಲ ಅಂಚಿನಲ್ಲಿ ಸ್ವಲ್ಪ ಜಾಗ ಬಿಟ್ಟಿರಿ.